ಟ್ರಾನ್ಸಾಕ್ಷನ್ ಲಾಗ್ ಬ್ಯಾಕಪ್ ಕಡತವನ್ನು ತೆರೆದು ಓದುವ ಬಗೆ

ಮೈಕ್ರೋಸಾಫ್ಟ್‌ನ ದತ್ತಸಂಚಯ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟೇಬಲೊಂದು ಡ್ರಾಪ್ ಆಗಿರುವುದು (ಪೂರ್ತಿ ಅಳಿಸಿಹೋಗಿರುವುದು) ಗಮನಕ್ಕೆ ಬರುವಷ್ಟರಲ್ಲಿ ಅದರ ದಾಖಲೆ ಬದಲಾವಣೆಗಳನ್ನೆಲ್ಲ ಬರೆದಿಡುವ ಚಾಲ್ತಿ ಟ್ರಾನ್ಸಾಕ್ಷನ್ ಲಾಗ್‌ನಿಂದ ಹೋಗಿ, ಲಾಗ್ ಬ್ಯಾಕಪ್‌ನಲ್ಲಷ್ಟೇ ಉಳಿದಿರಬಹುದು. ಆಗ ದುಬಾರಿ ತಂತ್ರಾಂಶ ಹುಡುಕುವ ಮೊದಲು, ಸರ್ವರ್‌ನಲ್ಲೇ ಇರುವ 'ಎಫ್ಎನ್ ಡಂಪ್ ಡಿಬಿಲಾಗ್' (fn_dump_dblog) ಎಂಬ ಫಂಕ್ಷನ್ ಅನ್ನು ಪ್ರಯತ್ನಿಸಿ ನೋಡಬೇಕೆಂಬುದು ನನ್ನ ಸಲಹೆ.

ಮೊದಲು 'ರೀಸ್ಟೋರ್ ಹೆಡರ್‌ಓನ್ಲಿ' ಆದೇಶದಿಂದ ಯಾವ ಕಡತ ಯಾವ ಅವಧಿಯದ್ದೆಂದು ಖಚಿತಪಡಿಸಿಕೊಳ್ಳಿ. ಬಳಿಕ ಈ ಫಂಕ್ಷನ್‌ಗೆ 68 ಪ್ಯಾರಾಮೀಟರ್‌ಗಳನ್ನು ಕೊಡಬೇಕು. ಗಾಬರಿ ಬೇಡ, ಮೊದಲ ಐದರಲ್ಲಿ ಓದಬೇಕಾದ ವ್ಯಾಪ್ತಿ ಮತ್ತು ಕಡತದ ವಿವರ ತುಂಬಿದರೆ ಉಳಿದ 63ಕ್ಕೂ 'ಡೀಫಾಲ್ಟ್' ಎಂದೇ ಬರೆದರಾಯಿತು. ಫಲಿತಾಂಶದ 'ಟ್ರಾನ್ಸಾಕ್ಷನ್ ನೇಮ್' ಕಾಲಂನಲ್ಲಿ 'ಡ್ರಾಪ್‌ಆಬ್ಜ್' ಎಂದಿರುವ ಸಾಲನ್ನು ಹುಡುಕಿದರೆ, ಅದೇ ಸಾಲಿನಲ್ಲಿ ಆ ಟ್ರಾನ್ಸಾಕ್ಷನ್ ಆರಂಭವಾದ ಸಮಯವೂ, ಅದನ್ನು ನಡೆಸಿದ ಲಾಗಿನ್‌ನ ಎಸ್‌ಐಡಿಯೂ (ಭದ್ರತಾ ಗುರುತು) ಸಿಗುತ್ತವೆ. ಆ ಸಾಲಿನ ಎಲ್‌ಎಸ್‌ಎನ್ (ಲಾಗ್‌ನ ಕ್ರಮಸಂಖ್ಯೆ) ಅನ್ನು, ಮುಂದೆ 'lsn:0x' ಎಂದು ಸೇರಿಸಿ, 'ಸ್ಟಾಪ್‌ಬಿಫೋರ್‌ಮಾರ್ಕ್' ಆಯ್ಕೆಗೆ ಕೊಟ್ಟರೆ ರೀಸ್ಟೋರ್ ಡ್ರಾಪ್‌ಗಿಂತ ತುಸು ಮುಂಚೆಯೇ ನಿಲ್ಲುತ್ತದೆ. ಗಡಿಯಾರದ ಸಮಯವನ್ನು ಊಹಿಸಿ ಮತ್ತೆ ಮತ್ತೆ ರೀಸ್ಟೋರ್ ಮಾಡುವುದಕ್ಕಿಂತ ಇದು ಎಷ್ಟೋ ನಿಖರ.

ಆದರೆ ಮೈಕ್ರೋಸಾಫ್ಟ್ ಈ ಫಂಕ್ಷನ್ ಅನ್ನು ಅಧಿಕೃತವಾಗಿ ದಾಖಲಿಸಿಲ್ಲವಾದ್ದರಿಂದ, ಕಡತವನ್ನು ಪರೀಕ್ಷಾ ಸರ್ವರ್‌ಗೆ ನಕಲಿಸಿಕೊಂಡು ಅಲ್ಲಿಯೇ ಓದುವುದು ಕ್ಷೇಮ. ಅಳಿಸಿದ ಸಾಲುಗಳ ದತ್ತಾಂಶ ಇದರಲ್ಲಿ ಹೆಕ್ಸಾಡೆಸಿಮಲ್ ರೂಪದಲ್ಲಿಯೇ ಕಾಣುತ್ತದೆ. ಅದನ್ನು ಕೈಯಿಂದ ಬಿಡಿಸುವುದು ಬಹಳ ತ್ರಾಸದ ಕೆಲಸವಾದ್ದರಿಂದ, ಅಂಥ ಅಗತ್ಯವಿದ್ದಾಗ ಮಾತ್ರ ಅಪೆಕ್ಸ್‌ಎಸ್‌ಕ್ಯೂಎಲ್ ಲಾಗ್‌ನಂತಹ ಸಾಧನದತ್ತ ನೋಡಬಹುದು.