ಕ್ವಾಡ್‌ಗೆ ಎಷ್ಟುದ್ದದ ಸ್ವಿಂಗ್ ಆರ್ಮ್ ಬೇಕು? ಅಡಿಕೆ ತಕ್ಕಡಿಯಿಂದ ಶುರುಮಾಡಿ

ದುಬೈಯಿಂದ ಹತ್ತಾಕ್ಕೆ ಹೋಗುವ ದಾರಿಯಲ್ಲಿ ಕೆಂಪು ಮರಳಿನ ದೊಡ್ಡ ದಿಬ್ಬವೊಂದಿದೆ. ಅಲ್ಲಿ ಅದಕ್ಕೆ ಬಿಗ್ ರೆಡ್ ಅಂತಲೇ ಹೆಸರು. ಶುಕ್ರವಾರ ಬಂತೆಂದರೆ ಯಮಹಾ ಬ್ಯಾನ್‌ಶೀ, ರಾಪ್ಟರ್ 700ರಂಥ ಕ್ವಾಡ್‌ಗಳು, ಅಂದರೆ ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಗಾಲಿಯ ಗಾಡಿಗಳು, ಅದನ್ನು ಹತ್ತುತ್ತಿದ್ದವು. ಶನಿವಾರ ಅವೇ ಗಾಡಿಗಳು ನಾನಿದ್ದ ಗ್ಯಾರೇಜಿಗೆ ರಿಪೇರಿಗೆ ಬರುತ್ತಿದ್ದವು. ಊರಿಗೆ ವಾಪಸಾಗಿ ಶಿರಸಿಯಲ್ಲಿ ನೆಲೆಸಿದ ಮೇಲೆ ಆ ಕೆಲಸ ಮತ್ತೆ ಕೈಗೆ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಆದರೆ ಹೋದ ವರ್ಷ ಕುಮಟಾದ ಅಳಿಯ ಹಳೆಯ ರಾಪ್ಟರ್ ಒಂದನ್ನು ಕೊಂಡು ತಂದ. ತಮ್ಮದೇ ಬ್ಯಾಣದಲ್ಲಿ, ಅಂದರೆ ಹುಲ್ಲುಗುಡ್ಡದಲ್ಲಿ, ಓಡಿಸಲಿಕ್ಕೆ.

"ಮಾವ, ಥ್ರಾಟಲ್ ಒತ್ತಿದ್ರೆ ಮುಂದಿನ ಗಾಲಿ ಎದ್ದು ನಿಲ್ತದೆ. ಆರಿಂಚು ಉದ್ದದ ಸ್ವಿಂಗ್ ಆರ್ಮ್ ತರಿಸ್ಲಾ?" ಅಂತ ಫೋನ್ ಮಾಡಿದ.

"ನಿಲ್ಲು ಮಾರಾಯ, ಮೊದ್ಲು ತೂಕ ಹಾಕುವ" ಅಂದೆ.

ಸ್ವಿಂಗ್ ಆರ್ಮ್ ಅಂದರೆ ಹಿಂದಿನ ಗಾಲಿಗಳ ಅಚ್ಚನ್ನು (ಆಕ್ಸಲ್) ಚಾಸಿಗೆ ಸೇರಿಸುವ, ಮೇಲೆ ಕೆಳಗೆ ಆಡುವ ತೋಳು. ಆರಿಂಚು ಅಂದರೆ ಅದರ ಪೂರ್ತಿ ಉದ್ದವಲ್ಲ. ಕಂಪನಿ ಕೊಟ್ಟದ್ದಕ್ಕಿಂತ ಆರಿಂಚು ಜಾಸ್ತಿ ಅಂತ ಅರ್ಥ. ಈ ಮಾಲು ಸಿಗುವುದೇ ಹಾಗೆ: ಪ್ಲಸ್ ಎರಡು, ಪ್ಲಸ್ ನಾಲ್ಕು, ಪ್ಲಸ್ ಆರು. ನೇರ ಓಟದ ಡ್ರ್ಯಾಗ್ ರೇಸಿನವರು ಇನ್ನೂ ಉದ್ದದ್ದನ್ನು ಹಾಕುತ್ತಾರೆ. ಚಾಸಿಗೆ ಸೇರುವ ಪಿವಟ್ ಬೋಲ್ಟಿನ ನಡುವಿನಿಂದ ಹಿಂದಿನ ಆಕ್ಸಲ್ ನಡುವಿನವರೆಗೆ ಅಳೆಯಬೇಕು.

ಮುಂದಿನ ಗಾಲಿ ಯಾಕೆ ಏಳುತ್ತದೆ

ಎತ್ತಿನ ಗಾಡಿಗೆ ಹಿಂದೆಯೇ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ ಅಲ್ವಾ? ಇಲ್ಲಿಯೂ ಅದೇ ಕತೆ. ಗಾಡಿ ಮುಂದೆ ನುಗ್ಗುವಾಗ ಭಾರ ಹಿಂದಿನ ಗಾಲಿಯತ್ತ ಸರಿಯುತ್ತದೆ. ಮುಂದಿನ ಗಾಲಿಯ ಭಾರ ಸೊನ್ನೆಯಾದ ಕ್ಷಣ ಮೂತಿ ಏಳುತ್ತದೆ. ಇದನ್ನು ತೀರ್ಮಾನಿಸುವುದು ಎರಡು ಅಳತೆ: ಒಟ್ಟು ತೂಕದ ನಡುಬಿಂದು ಹಿಂದಿನ ಆಕ್ಸಲ್‌ನಿಂದ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದು. ಸ್ವಿಂಗ್ ಆರ್ಮ್ ಉದ್ದವಾದರೆ ಆಕ್ಸಲ್ ಹಿಂದೆ ಹೋಗುತ್ತದೆ, ನಡುಬಿಂದು ಅದರಿಂದ ದೂರವಾಗುತ್ತದೆ.

ಈ ಬಿಂದುವನ್ನು ಹುಡುಕಲು ನಾವು ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಯನ್ನೇ ಬಳಸಿದೆವು. ಒಂದೊಂದೇ ಗಾಲಿಯನ್ನು ತಕ್ಕಡಿಗೆ ಹತ್ತಿಸಿ. ಉಳಿದ ಮೂರಕ್ಕೂ ಅಷ್ಟೇ ಎತ್ತರದ ಹಲಗೆ ಕೊಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿ. ಓಡಿಸುವವರು ಹೆಲ್ಮೆಟ್, ಬೂಟು ಹಾಕಿಕೊಂಡು, ಓಡಿಸುವ ಭಂಗಿಯಲ್ಲೇ ಕೂರಬೇಕು. ಸುಮ್ನೆ ನೆಟ್ಟಗೆ ಕೂತರೆ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆ ನೋಡೋಣ. ರಾಪ್ಟರ್ 700ರ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 1280 ಮಿ.ಮೀ. ಇದೆ. ಗಾಡಿ ಸುಮಾರು 190 ಕಿಲೊ, ಸವಾರ 70 ಕಿಲೊ. ತಕ್ಕಡಿಯಲ್ಲಿ ಮುಂದಿನ ಎರಡು ಗಾಲಿಗೆ 120, ಹಿಂದಿನ ಎರಡಕ್ಕೆ 140 ಬಂತು ಎನ್ನೋಣ. 120ನ್ನು ಒಟ್ಟು 260ರಿಂದ ಭಾಗಿಸಿ 1280ರಿಂದ ಗುಣಿಸಿದರೆ 591. ಹಿಂದಿನ ಆಕ್ಸಲ್‌ನಿಂದ ನಡುಬಿಂದು 591 ಮಿ.ಮೀ. ಮುಂದಿದೆ. ಎತ್ತರ ಲೆಕ್ಕಕ್ಕೆ 650 ಇರಲಿ.

ನಾಲ್ಕಿಂಚು ಅಂದರೆ 102 ಮಿ.ಮೀ. ಗಾಲಿ, ಆಕ್ಸಲ್ ಕೂಡ ಹಿಂದೆ ಹೋಗುವುದರಿಂದ ನಡುಬಿಂದುವೂ ತುಸು ಹಿಂದೆ ಸರಿಯುತ್ತದೆ. ಹಾಗಾಗಿ ನಮಗೆ ಸಿಗುವುದು 90ರ ಆಸುಪಾಸು. 591 ಹೋಗಿ 680 ಆಯಿತು. ಸಮನೆಲದಲ್ಲಿ ಮೂತಿ ಏಳಿಸಲು ಈಗ ಶೇ 15ರಷ್ಟು ಹೆಚ್ಚು ನೂಕು ಬೇಕು.

ಏರಿನಲ್ಲಿ ಈ ಲೆಕ್ಕ ಇನ್ನೂ ಜೋರು. 20 ಡಿಗ್ರಿ ಏರಿನಲ್ಲಿ 650 ಎತ್ತರದ ನಡುಬಿಂದು 237 ಮಿ.ಮೀ. ಹಿಂದೆ ವಾಲಿದಂತೆ ಆಗುತ್ತದೆ. ನಮ್ಮ 591ರಲ್ಲಿ ಉಳಿಯುವುದು ಬರೀ 354. ನಾಲ್ಕಿಂಚು ಸೇರಿಸಿದರೆ 443. ಅಂದರೆ ಅದೇ ನಾಲ್ಕಿಂಚು ಏರಿನಲ್ಲಿ ಶೇ 25ರಷ್ಟು ಲಾಭ ಕೊಡುತ್ತದೆ. ಬಿಗ್ ರೆಡ್ ಹತ್ತುವವರು ಉದ್ದದ ಆರ್ಮಿಗೆ ಅಷ್ಟು ಬೆಲೆ ಕೊಡುವುದು ಸುಮ್ನೆ ಅಲ್ಲ.

ಕಳೆದುಕೊಳ್ಳುವುದೇನು

ಹಿಂದಿನ ಗಾಲಿಯ ಭಾರ ಕಮ್ಮಿಯಾಗುತ್ತದೆ. ನಮ್ಮ ಲೆಕ್ಕದಲ್ಲಿ 140 ಇದ್ದದ್ದು 132ರ ಹತ್ತಿರ ಬರುತ್ತದೆ. ಮರಳಿಗೆಂದೇ ಮಾಡಿದ ಪ್ಯಾಡಲ್ ಟೈರ್ ಹುಟ್ಟಿನಂತೆ ಮರಳನ್ನು ಬಾಚಿ ನೂಕುತ್ತದೆ, ಅಲ್ಲಿ ಹಿಡಿತ ಚೆನ್ನಾಗಿರುವುದರಿಂದ ಇದು ದೊಡ್ಡ ನಷ್ಟವಲ್ಲ. ಮಳೆಗಾಲದ ಶಿರಸಿ ಕೆಮ್ಮಣ್ಣಿನಲ್ಲಿ ಹಾಗಲ್ಲ. ಅಲ್ಲಿ ಮೂತಿ ಏಳುವ ಮೊದಲೇ ಗಾಲಿ ಜಾರುತ್ತದೆ. ಭಾರ ಇನ್ನೂ ಕಮ್ಮಿ ಮಾಡಿದರೆ ಇನ್ನೂ ಜಾರುತ್ತದೆ.

ತಿರುವಿಗೂ ಹೆಚ್ಚು ಜಾಗ ಬೇಕು. ನಾಲ್ಕಿಂಚಿಗೆ ತಿರುಗುವ ಸುತ್ತಳತೆ ಶೇ 8ರಷ್ಟು ದೊಡ್ಡದಾಗುತ್ತದೆ. ಅಘನಾಶಿನಿಯಲ್ಲಿ ಪಾತಿ ದೋಣಿ ನಿಂತಲ್ಲೇ ತಿರುಗುತ್ತದೆ, ಉದ್ದದ ದೋಣಿ ನೆಟ್ಟಗೆ ಚೆಂದ ಹೋಗುತ್ತದೆ. ಇಲ್ಲಿಯೂ ಹಾಗೇ. ಜೊತೆಗೆ ಚಿರೇಕಲ್ಲಿನ ಮೆಟ್ಟಿಲಿನಂಥ ಜಾಗ ಹತ್ತುವಾಗ ಉದ್ದದ ಗಾಡಿಯ ಹೊಟ್ಟೆ ಬೇಗ ತಾಗುತ್ತದೆ.

ಆದ್ದರಿಂದ ಎಂಜಿನ್ ಎಷ್ಟು ಪವರ್ ಕೊಡುತ್ತದೆ ಅನ್ನುವುದಕ್ಕಿಂತ ನೆಲ ಎಷ್ಟನ್ನು ತೆಗೆದುಕೊಳ್ಳುತ್ತದೆ ಎಂದು ನೋಡಿ. ಮರ, ಬಂಡೆ, ತಿರುವು ಇರುವ ಗುಡ್ಡಕ್ಕೆ ಕಂಪನಿಯ ಉದ್ದವೇ ಸರಿ. ಮರಳಿನಲ್ಲಿ ಏರು ಇಳಿವು ತಿರುವು ಎಲ್ಲ ಬೇಕೆಂದರೆ ಎರಡಿಂಚು. ಪ್ಯಾಡಲ್ ಟೈರ್, ಬಲ ಹೆಚ್ಚಿಸಿದ ಎಂಜಿನ್, ಉದ್ದದ ನೇರ ಏರು ಇದ್ದರೆ ನಾಲ್ಕು. ಆರು ಮತ್ತು ಅದಕ್ಕಿಂತ ಹೆಚ್ಚಿನದು ನೇರ ಓಟಕ್ಕೆ ಮಾತ್ರ. ಎರಡರ ನಡುವೆ ಗೊಂದಲವಾದರೆ ನಾನು ಯಾವಾಗಲೂ ಗಿಡ್ಡದ್ದನ್ನೇ ಆರಿಸುತ್ತೇನೆ.

ಜೊತೆಗೆ ಬದಲಾಗಬೇಕಾದ್ದು

ಹೆಚ್ಚಿನವರು ಎಡವುವುದು ಇಲ್ಲಿ. ಶಾಕ್ ಅಬ್ಸಾರ್ಬರ್ ಇದ್ದಲ್ಲೇ ಇದ್ದು ಆರ್ಮ್ ಮಾತ್ರ ಉದ್ದವಾದರೆ ಹಾರೆಯ ಹಿಡಿ ಉದ್ದ ಮಾಡಿದಂತೆ. 500 ಮಿ.ಮೀ. ಆರ್ಮ್ 600 ಆದರೆ ಗಾಲಿಯ ಹತ್ತಿರ ಸ್ಪ್ರಿಂಗಿನ ಬಿಗಿ ಶೇ 30ರಷ್ಟು ಇಳಿಯುತ್ತದೆ. ಮೊದಲಿನ ಬಿಗಿಯೇ ಬೇಕೆಂದರೆ ಶೇ 44ರಷ್ಟು ಗಟ್ಟಿ ಸ್ಪ್ರಿಂಗ್ ಬೇಕು. ಹಳೆಯ ಸ್ಪ್ರಿಂಗನ್ನೇ ನಟ್ ತಿರುಗಿಸಿ ಅದುಮಿದರೆ ಹಿಂಬದಿಗೆ ಎತ್ತರ ಸಿಗುತ್ತದೆ, ಸ್ಪ್ರಿಂಗಿನ ಬಿಗಿ ಹೆಚ್ಚುವುದಿಲ್ಲ. ಸವಾರ ಕೂತಾಗ ಹಿಂಬದಿ ತನ್ನ ಒಟ್ಟು ಚಲನೆಯ ಮೂರನೇ ಒಂದರಷ್ಟು ಕುಗ್ಗಬೇಕು. ಟೇಪ್ ಹಿಡಿದು ಅಳೆಯಿರಿ.

ಚೈನ್: 520 ಅಳತೆಯ ಚೈನಿನ ಒಂದು ಕೊಂಡಿ 15.875 ಮಿ.ಮೀ. ನಾಲ್ಕಿಂಚಿಗೆ ಮೇಲೆ ಕೆಳಗೆ ಸೇರಿ 203 ಮಿ.ಮೀ. ಹೆಚ್ಚು ಬೇಕು, ಸುಮಾರು 13 ಕೊಂಡಿ. ಚೈನ್ ಜೋಡಿಯಲ್ಲೇ ಸೇರಬೇಕಾದ್ದರಿಂದ 12 ಅಥವಾ 14. ಚೈನ್ ಬಿಗಿಸುವ ಅಡ್ಜಸ್ಟರಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ ತೀರ್ಮಾನಿಸಿ. ಹಳೆ ಚೈನಿಗೆ ಹೊಸ ತುಂಡು ಸೇರಿಸಬೇಡಿ, ಪೂರ್ತಿ ಹೊಸದೇ ಹಾಕಿ.

ಹಿಂದಿನ ಬ್ರೇಕಿಗೆ ಆಯಿಲ್ ಒಯ್ಯುವ ಹೋಸ್ ಬಗ್ಗೆ ಒತ್ತಿ ಹೇಳುತ್ತೇನೆ. ಗ್ಯಾರೇಜಿನಲ್ಲಿ ಒಮ್ಮೆ ನಾನೇ ಪ್ಲಸ್ ಆರು ಕೂರಿಸಿ ಹಳೆಯ ಹೋಸನ್ನೇ ಬಿಟ್ಟಿದ್ದೆ. ಸ್ಟ್ಯಾಂಡಿನಲ್ಲಿ ನೋಡಿದಾಗ ಸಾಕಾಗುವಂತೆ ಕಂಡಿತು. ಗಾಡಿ ದಿಬ್ಬದಿಂದ ಹಾರಿದಾಗ ಗಾಲಿ ಪೂರ್ತಿ ಕೆಳಗಿಳಿದು ಹೋಸ್ ಕಿತ್ತುಬಂತು. ಆ ಹುಡುಗ ಮರಳಿನಲ್ಲಿ ಬಿದ್ದು ಭುಜ ಮುರಿದುಕೊಂಡ. ಅವನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಶಾಕ್ ಬಿಚ್ಚಿ, ಗಾಲಿಯನ್ನು ಪೂರ್ತಿ ಕೆಳಗೆ, ಪೂರ್ತಿ ಮೇಲೆ ಮಾಡಿ, ಹೋಸ್ ಮತ್ತು ಪಾರ್ಕಿಂಗ್ ಬ್ರೇಕ್ ಕೇಬಲ್ ಎರಡೂ ಸಡಿಲವಾಗಿವೆಯೇ ನೋಡಿ.

ಇನ್ನೊಂದು: ಇರುವ ಆರ್ಮನ್ನೇ ಕತ್ತರಿಸಿ ತುಂಡು ಸೇರಿಸಿ ವೆಲ್ಡ್ ಮಾಡಿಸಬೇಡಿ. ರಾಪ್ಟರ್ 700ರದ್ದು ಅಲ್ಯುಮಿನಿಯಂ. ವೆಲ್ಡಿಂಗ್ ಬಿಸಿಗೆ ಅದರ ಗಟ್ಟಿತನ ಹೋಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಕೂರಿಸಿದ ಮೇಲೆ ಚೈನಿನ ಸಡಿಲವನ್ನು ಪಿವಟ್, ಎಂಜಿನ್ ಬದಿಯ ಸ್ಪ್ರಾಕೆಟ್ (ಚೈನಿನ ಹಲ್ಲುಗಾಲಿ), ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಇರುವಾಗ ನೋಡಿ. ಚೈನ್ ಅತಿ ಬಿಗಿಯಾಗುವುದು ಅಲ್ಲೇ. ಸಮನೆಲದಲ್ಲಿ ನಿಧಾನ ಓಡಿಸಿ, ಒಂದು ತಾಸಿನ ನಂತರ ಪಿವಟ್ ಮತ್ತು ಆಕ್ಸಲ್ ಬೋಲ್ಟ್‌ಗಳನ್ನು ಟಾರ್ಕ್ ಪಾನದಲ್ಲಿ ಮತ್ತೆ ಪರೀಕ್ಷಿಸಿ.

ಎಲ್ಲಿ ಓಡಿಸುತ್ತೀರಿ ಅನ್ನುವುದೂ ಮುಖ್ಯ. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಕಾರವಾರ, ಹೊನ್ನಾವರದ ಕಡಲತೀರದ ಮರಳು ಕಂಡರೆ ಆಸೆಯಾಗುತ್ತದೆ, ಗೊತ್ತು. ಆದರೆ ಆ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ದಯವಿಟ್ಟು ಅಲ್ಲಿ ಬೇಡ.

ಅಳಿಯನ ಗಾಡಿ ತೂಗುವಾಗಲೇ ಕಾರಣ ಸಿಕ್ಕಿತು. ಹಿಂದಿನ ಮಾಲೀಕ ಸ್ಪ್ರಿಂಗ್ ಪೂರ್ತಿ ಬಿಗಿದು ಹಿಂಬದಿ ಎತ್ತರಿಸಿದ್ದ, ಅದರಿಂದ ನಡುಬಿಂದು ಮೇಲೆ ಹೋಗಿತ್ತು. ಅಳಿಯ ಸೀಟಿನ ತುದಿಯಲ್ಲಿ ಕೂರುತ್ತಿದ್ದ. ಸ್ಪ್ರಿಂಗ್ ಸಡಿಲಿಸಿ ಸರಿಯಾದ ಎತ್ತರಕ್ಕೆ ಇಳಿಸಿದೆವು. ಅವನನ್ನು ಒಂದು ಗೇಣು ಮುಂದೆ ಕೂರಿಸಿದೆವು. ಅವನ ಬ್ಯಾಣದ ದಾರಿಯಲ್ಲಿ ಎರಡು ನೇರಳೆ ಮರದ ನಡುವೆ ಗಕ್ಕನೆ ತಿರುಗಬೇಕು. ಕಂಪನಿಯ ಆರ್ಮ್‌ನಲ್ಲೇ ಏರು ಹತ್ತಿ, ಆ ಮರಗಳ ನಡುವೆ ತಿರುಗಿ ಬಂದ.