ಒಬ್ಬರೇ ಗ್ರಾಹಕರು, ನಾಲ್ಕಾರು ವಿಳಾಸ: ಟೇಬಲ್ ಹೀಗೆ ಮಾಡಿ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿರುವವರಿಗೆ ಒಂದು ಮಾತು. ಗ್ರಾಹಕರ ಟೇಬಲ್‌ನಲ್ಲೇ ವಿಳಾಸ1, ವಿಳಾಸ2, ವಿಳಾಸ3 ಅಂತ ಕಾಲಂ ಹಾಕುತ್ತಾ ಹೋಗಬೇಡಿ. ಅನಂತಪುರದ ವ್ಯಾಪಾರಿ ನಾಲ್ಕನೇ ಗೋಡೌನ್ ತೆರೆದರೆ ಮತ್ತೆ ಟೇಬಲ್‌ಗೆ ಕೈ ಹಾಕಬೇಕು. ಒಂದು ಊರಿನ ಗ್ರಾಹಕರನ್ನು ಹುಡುಕಬೇಕೆಂದರೂ ಎಲ್ಲ ಕಾಲಂ ತಡಕಾಡಬೇಕು.

ವಿಳಾಸಕ್ಕೆ ಬೇರೆ ಟೇಬಲ್ ಇರಲಿ. ಪ್ರತಿ ಸಾಲಿನಲ್ಲೂ ಫಾರಿನ್ ಕೀ (ಗ್ರಾಹಕರ ಟೇಬಲ್‌ನ ಸಾಲಿಗೆ ಕೊಂಡಿ) ಆಗಿ ಗ್ರಾಹಕರ ಐಡಿ, ಬಿಲ್ಲಿಗೋ ಡೆಲಿವರಿಗೋ ಎಂಬ ಬಗೆ, ಪಿನ್ ಕೋಡ್, ರಾಜ್ಯದ ಕೋಡ್. ನಮ್ಮಂಥ ಗಡಿ ಜಿಲ್ಲೆಯಲ್ಲಿ ಕೊನೆಯದನ್ನು ಮಾತ್ರ ಬಿಡಲೇಬೇಡಿ. ಒಂದೇ ಸಂಸ್ಥೆ ಕರ್ನಾಟಕದಲ್ಲೂ ಆಂಧ್ರದಲ್ಲೂ ನೋಂದಣಿ ಮಾಡಿಸಿದ್ದರೆ ಅದಕ್ಕೆ ಎರಡು ಜಿಎಸ್‌ಟಿ ಸಂಖ್ಯೆ: ಒಂದು ಕರ್ನಾಟಕದ ಕೋಡ್ 29ರಿಂದ, ಇನ್ನೊಂದು ಆಂಧ್ರದ ಕೋಡ್ 37ರಿಂದ ಶುರುವಾಗುತ್ತದೆ. ಆದ್ದರಿಂದ ಆ ಸಂಖ್ಯೆಯ ಜಾಗ ಗ್ರಾಹಕರ ಸಾಲಲ್ಲ, ವಿಳಾಸದ ಸಾಲು.

ಮುಖ್ಯ ವಿಳಾಸ ಯಾವುದೆಂದು ಗುರುತು ಹಾಕುತ್ತೀರಲ್ಲ, ಒಬ್ಬ ಗ್ರಾಹಕರಿಗೆ ಒಂದು ಬಗೆಗೆ ಒಂದೇ ಇರುವಂತೆ ಡೇಟಾಬೇಸ್‌ನಲ್ಲೇ ಕಟ್ಟುಹಾಕಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪಾರ್ಷಿಯಲ್ ಯೂನಿಕ್ ಇಂಡೆಕ್ಸ್ (ಮುಖ್ಯ ಎಂದು ಗುರುತು ಹಾಕಿದ ಸಾಲುಗಳಲ್ಲಿ ಮಾತ್ರ ಎರಡನೆಯದನ್ನು ತಡೆಯುವ ಇಂಡೆಕ್ಸ್) ಸಾಕು.

ಎಲ್ಲಕ್ಕಿಂತ ನನಗೆ ಮುಖ್ಯ ಅನಿಸುವುದು ಇನ್‌ವಾಯ್ಸ್. ಅಲ್ಲಿ ವಿಳಾಸದ ಐಡಿ ಮಾತ್ರ ಇಟ್ಟರೆ, ಗ್ರಾಹಕರು ಅಂಗಡಿ ಬದಲಿಸಿ ವಿಳಾಸ ತಿದ್ದಿದ ದಿನ ಹಳೆ ಬಿಲ್ಲುಗಳಲ್ಲೂ ಹೊಸ ವಿಳಾಸವೇ ಮುದ್ರಣವಾಗುತ್ತದೆ. ಆಡಿಟರ್ ಮುಂದೆ ಅದಕ್ಕೆ ಉತ್ತರ ಹೇಳುವುದು ಕಷ್ಟ. ಬಿಲ್ ಮಾಡಿದ ದಿನದ ಪೂರ್ತಿ ವಿಳಾಸವನ್ನು, ಜಿಎಸ್‌ಟಿ ಸಂಖ್ಯೆ ಸಮೇತ, ಇನ್‌ವಾಯ್ಸ್ ಸಾಲಿನಲ್ಲೇ ನಕಲು ಮಾಡಿ ಇಡಿ. ಬಿಟ್ಟುಹೋದ ವಿಳಾಸವನ್ನು ಡಿಲೀಟ್ ಮಾಡದೆ, ಬಳಕೆಯಲ್ಲಿಲ್ಲ ಎಂದು ಗುರುತಿಸಿದರೆ ಸಾಕು.