ದೂರದ ಸವಾರಿಗೆ ಸೆಕೆಂಡ್ ಹ್ಯಾಂಡ್ ಬೈಕ್: ಏನು ನೋಡಬೇಕು, ಹೇಗೆ ನೋಡಬೇಕು

ದೂರ ಪ್ರಯಾಣಕ್ಕೆಂದೇ ತಯಾರಾದ ಮೋಟಾರ್‌ಸೈಕಲ್‌ಗಳು ಎರಡನೆಯ ಒಡೆಯನ ಕೈಗೆ ಬರುವ ಹೊತ್ತಿಗೆ ಬೆಲೆ ಸಾಕಷ್ಟು ಇಳಿದಿರುತ್ತದೆ. ಮೊದಲ ಒಡೆಯ ಆಸೆಪಟ್ಟು ಹಾಕಿಸಿದ ಸಾಮಾನು ಪೆಟ್ಟಿಗೆ, ಎತ್ತರದ ವಿಂಡ್‌ಶೀಲ್ಡ್, ಹೆಚ್ಚುವರಿ ದೀಪಗಳು ಅದರೊಂದಿಗೇ ಬರುವುದೂ ಉಂಟು. ಆದರೆ ಊರೊಳಗೆ ಓಡಾಡುವ ಬೈಕ್ ಕೆಟ್ಟರೆ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗಬಹುದು; ಮನೆಯಿಂದ 800 ಕಿಲೋಮೀಟರ್ ಆಚೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡಿರುವಾಗ ಕೆಟ್ಟರೆ ಆ ದಾರಿಯಿಲ್ಲ. ಹಾಗಾಗಿ ಇಂಥ ಬೈಕ್ ಕೊಳ್ಳುವವರು ಬಣ್ಣ ಹೊಳಪುಗಳನ್ನು ಕಡೆಗಿಟ್ಟು, ದಾರಿ ಮಧ್ಯೆ ಕೈಕೊಡಬಹುದಾದ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲು ನಿಮ್ಮ ದಾರಿ ಮತ್ತು ಹೊರೆ

ನೀವು ಓಡಿಸುವ ದಾರಿ ಯಾವುದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. 1975ರಲ್ಲಿ 999 ಸಿಸಿ ಎಂಜಿನ್‌ನೊಂದಿಗೆ ಬಂದ ಹೋಂಡಾ ಗೋಲ್ಡ್ ವಿಂಗ್‌ನ ವಂಶದ ಭಾರೀ ಟೂರರ್‌ಗಳು ನುಣುಪಾದ ಹೆದ್ದಾರಿಯ ಮೇಲೆ ಅಪ್ರತಿಮ. ಆದರೆ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳಬೇಕಾದಾಗ ಬೆವರಿಳಿಸುತ್ತವೆ. 1988ರ ಮಾದರಿಗೆ ಕಂಪನಿಯೇ ರಿವರ್ಸ್ ಸೌಲಭ್ಯ ಕೊಟ್ಟದ್ದು ಸುಮ್ಮನೆ ಅಲ್ಲ. 1980ರ ಬಿಎಂಡಬ್ಲ್ಯು ಆರ್ 80 ಜಿ/ಎಸ್‌ನ ಮಾದರಿಯಲ್ಲಿ ಬೆಳೆದುಬಂದ ಅಡ್ವೆಂಚರ್ ಬೈಕ್‌ಗಳು ಕೆಟ್ಟ ರಸ್ತೆಗೂ ಸೈ, ಆದರೆ ಅವುಗಳ ಸೀಟು ಎತ್ತರ. ಎರಡೂ ಪಾದ ನೆಲಕ್ಕೆ ಪೂರ್ತಿ ಊರದಿದ್ದರೂ ನಡೆಯುತ್ತದೆ. ಬೈಕ್ ವಾಲಿದಾಗ ಹಿಡಿದು ನಿಲ್ಲಿಸುವಷ್ಟು ಹಿಡಿತವಂತೂ ಬೇಕು.

ಭಾರದ ಲೆಕ್ಕವನ್ನು ಬಹುತೇಕರು ಮಾಡುವುದೇ ಇಲ್ಲ. ಕೈಪಿಡಿಯಲ್ಲಿ ನಮೂದಿಸಿರುವ ಗರಿಷ್ಠ ಒಟ್ಟು ತೂಕದಿಂದ, ಟ್ಯಾಂಕ್ ತುಂಬಿದ ಬೈಕಿನ ತೂಕವನ್ನು ಕಳೆದರೆ ಹೊರಬಹುದಾದ ಹೊರೆ ಸಿಗುತ್ತದೆ. ಗರಿಷ್ಠ 450 ಕಿಲೋ, ಬೈಕ್ 260 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 190. ಸವಾರ 80, ಹಿಂಬದಿ ಸವಾರ 65, ಇಬ್ಬರ ಹೆಲ್ಮೆಟ್ ಜಾಕೆಟ್ಟುಗಳು 15, ಖಾಲಿ ಪೆಟ್ಟಿಗೆಗಳೇ 15 ಕಿಲೋ ಆದರೆ, ಬಟ್ಟೆಬರೆ ಮತ್ತು ಉಪಕರಣಗಳಿಗೆ ಉಳಿದದ್ದು ಬರೀ 15 ಕಿಲೋ. ಇಷ್ಟು ದೊಡ್ಡ ಬೈಕಿಗೆ ಇಷ್ಟೇನೇ ಎಂದು ಅಚ್ಚರಿಯಾಗುತ್ತದೆ, ಆದರೆ ಅನೇಕ ಟೂರಿಂಗ್ ಬೈಕ್‌ಗಳ ಕಥೆ ಇದೇ.

ಟ್ಯಾಂಕಿನ ಅಳತೆಯನ್ನೂ ಹೀಗೇ ನೋಡಿ. ಯಮಹಾ ಎಫ್‌ಜೆಆರ್ 1300ಕ್ಕೆ 25 ಲೀಟರ್, ಹೋಂಡಾ ಎಸ್‌ಟಿ 1300ಕ್ಕೆ 29 ಲೀಟರ್ ಹಿಡಿಯುತ್ತದೆ. 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ಗೆ 15 ಲೀಟರ್, ಆದರೆ ಅದು ಕುಡಿಯುವುದೂ ಕಡಿಮೆ. 20 ಲೀಟರ್ ಟ್ಯಾಂಕ್, ಲೀಟರಿಗೆ 20 ಕಿಲೋಮೀಟರ್ ಎಂದರೆ ಕಾಗದದ ಮೇಲೆ 400 ಕಿಲೋಮೀಟರ್. ಹೊರೆ, ಎದುರುಗಾಳಿ, ರಿಸರ್ವ್ ಎಲ್ಲ ಕಳೆದು 300 ಎಂದುಕೊಂಡು ಹೊರಡುವುದು ಕ್ಷೇಮ.

ಮೀಟರ್ ತೋರಿಸುವ ಅಂಕಿ

ಕಡಿಮೆ ಓಡಿದ ಬೈಕೇ ಒಳ್ಳೆಯದು ಎಂಬ ನಂಬಿಕೆ ಟೂರಿಂಗ್ ಬೈಕ್‌ಗಳ ವಿಷಯದಲ್ಲಿ ಅನೇಕ ಸಲ ತಪ್ಪು. ಹತ್ತು ವರ್ಷದಲ್ಲಿ 8,000 ಕಿಲೋಮೀಟರ್ ಮಾತ್ರ ಓಡಿದ ಬೈಕ್ ಎಂದರೆ ಬಹುಕಾಲ ನಿಂತೇ ಇದ್ದ ಬೈಕ್: ಅದರ ಟೈರು ಗಟ್ಟಿಯಾಗಿರುತ್ತದೆ, ಸೀಲುಗಳು ಒಣಗಿರುತ್ತವೆ, ಹಳೆಯ ಪೆಟ್ರೋಲ್ ಅಂಟಾಗಿ ಇಂಧನದ ದಾರಿಯನ್ನು ಕಟ್ಟಿರುತ್ತದೆ, ಕಬ್ಬಿಣದ ಟ್ಯಾಂಕಾದರೆ ಒಳಗೆ ತುಕ್ಕು ಹಿಡಿದಿರುತ್ತದೆ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ; ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿದ ಎಂಜಿನ್‌ಗೆ ಆ ಕಷ್ಟ ಕಡಿಮೆ. ಸರ್ವಿಸ್ ದಾಖಲೆಗಳು ಸರಿಯಾಗಿರುವ 60,000 ಕಿಲೋಮೀಟರಿನ ಬೈಕನ್ನು, ದಾಖಲೆಯಿಲ್ಲದ 15,000 ಕಿಲೋಮೀಟರಿನದಕ್ಕಿಂತ ಮೊದಲು ನಾನು ನೋಡಲು ಹೋಗುತ್ತೇನೆ. ದಾಖಲೆಯಲ್ಲಿ ಮುಖ್ಯವಾಗಿ ಎಂಜಿನ್ ಒಳಗೆ ತೆರೆದು ಮುಚ್ಚುವ ಕವಾಟಗಳ, ಅಂದರೆ ವಾಲ್ವ್‌ಗಳ, ಅಂತರದ ಪರೀಕ್ಷೆ ನಡೆದಿದೆಯೇ ನೋಡಿ. ಅದು ದುಬಾರಿ ಕೆಲಸವಾದ್ದರಿಂದ ಆ ಸರ್ವಿಸ್ ಹತ್ತಿರ ಬಂದಾಗಲೇ ಬೈಕನ್ನು ಮಾರುವವರಿದ್ದಾರೆ.

ಮೀಟರಿನ ಅಂಕಿ ನಿಜವೋ ಎಂದು ತಿಳಿಯಲು ಕಾಲಿಡುವ ರಬ್ಬರು, ಹ್ಯಾಂಡಲ್ ಹಿಡಿ, ಬ್ರೇಕ್ ಡಿಸ್ಕ್‌ನ ಅಂಚುಗಳನ್ನು ನೋಡಿ. ಮೀಟರ್ 12,000 ಎನ್ನುತ್ತಿದ್ದು ರಬ್ಬರು ನುಣ್ಣಗೆ ಸವೆದಿದ್ದರೆ ಅಲ್ಲಿಂದ ಎದ್ದುಬರಬಹುದು.

ತಣ್ಣನೆಯ ಎಂಜಿನ್, ನಿಂತ ಬೈಕ್

ನೀವು ಬರುವ ಮುನ್ನ ಬೈಕ್ ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಹೇಳಿಡಿ. ಹೋದೊಡನೆ ಎಂಜಿನ್‌ಗೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಮುಚ್ಚಿಡುವುದೇನೋ ಇರಬಹುದು. ತಣ್ಣನೆಯ ಎಂಜಿನ್ ಎದ್ದಾಗ ಅದರೊಳಗಿನ ಟೈಮಿಂಗ್ ಚೈನ್ ಒಂದೆರಡು ಸೆಕೆಂಡು ಗಲಗಲಿಸಿ ಸುಮ್ಮನಾದರೆ ಚಿಂತೆಯಿಲ್ಲ, ಸುಮ್ಮನಾಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಒಳಗೆ ಸೇರುತ್ತಿರುವ ಶಂಕೆ ಗಟ್ಟಿಯಾಗುತ್ತದೆ.

ಬಳಿಕ ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನಿಂದ ಒಬ್ಬರು ಭಾರ ಹಾಕಿದಾಗ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿಕೊಂಡು, ಹ್ಯಾಂಡಲನ್ನು ಬೆರಳ ತುದಿಯಿಂದ ಅತಿ ನಿಧಾನವಾಗಿ ಈ ಕಡೆಯಿಂದ ಆ ಕಡೆಗೆ ತಿರುಗಿಸಿ. ಅದು ಎಣ್ಣೆಯಲ್ಲಿ ಜಾರಿದಂತೆ ತಿರುಗಬೇಕು. ಸರಿಯಾಗಿ ನಡುವೆ ಬಂದಾಗ ಸಣ್ಣ ಗುಳಿಯೊಳಗೆ ಕೂತಂತೆ ಟಕ್ ಎಂದು ತಡೆದರೆ ಸ್ಟಿಯರಿಂಗ್ ಬೇರಿಂಗ್ ಹೋಗಿದೆ. ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಿಳಿಯುವ ದೋಷವಿದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲವೆನಿಸಿದರೆ ಚಕ್ರದ ಬೇರಿಂಗ್ ಕಡೆ ಬೆರಳು ಮಾಡಬೇಕು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಕೊಳವೆಗಳ ಮೇಲೆ ಎಣ್ಣೆಯ ಉಂಗುರವಾಗಲಿ ತುಕ್ಕಿನ ಚುಕ್ಕೆಗಳಾಗಲಿ ಇರಬಾರದು.

ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲುಚಕ್ರದ) ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹೊರಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಅದು ಮೇಲೆದ್ದರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ, ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳ ಖರ್ಚನ್ನು ಬೆಲೆಯಿಂದ ಇಳಿಸಿ ಮಾತಾಡಿ. ಚೈನ್ ಬದಲು ಹಿಂದಿನ ಚಕ್ರವನ್ನು ತಿರುಗಿಸುವ ದಂಡ, ಅಂದರೆ ಶಾಫ್ಟ್, ಇದ್ದರೆ ಹಿಂದಿನ ಚಕ್ರದ ಬಳಿ ಆಯಿಲ್ ಜಿನುಗುತ್ತಿದೆಯೇ ನೋಡಿದರೆ ಸಾಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಕೇತವಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಗೆರೆಗಳು ಎಷ್ಟೇ ಆಳವಾಗಿದ್ದರೂ ಐದಾರು ವರ್ಷ ದಾಟಿದ ಟೈರಿನ ಮೇಲೆ ಒದ್ದೆ ರಸ್ತೆಯಲ್ಲಿ ನಾನು ನಂಬಿಕೆ ಇಡುವುದಿಲ್ಲ. ಹ್ಯಾಂಡಲ್ ತುದಿ, ಲಿವರ್ ತುದಿ, ಎಂಜಿನ್ ಕವಚಗಳ ಮೇಲಿನ ಗೀರುಗಳು ಬೈಕ್ ಬಿದ್ದಿದೆ ಎಂದಷ್ಟೇ ಹೇಳುತ್ತವೆ. ನಿಂತಲ್ಲೇ ಉರುಳಿದರೂ ಅವು ಆಗುತ್ತವೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ, ಫ್ರೇಮಿನ ಮೇಲಿನ ಪುಟ್ಟ ಮೊಳೆಯಂಥ ಭಾಗ ಜಜ್ಜಿಹೋಗಿದ್ದರೆ ಮಾತ್ರ ಅಪಘಾತ ದೊಡ್ಡದಿತ್ತೆಂದು ತಿಳಿಯಿರಿ. ಅಂಥದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ವಿದ್ಯುತ್ ಕೈಕೊಟ್ಟಾಗ

ಒಮ್ಮೆ ಅವಸರದಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ಎಂಬ ಪರೀಕ್ಷೆಯನ್ನು ಬಿಟ್ಟು ಬೈಕ್ ಕೊಂಡಿದ್ದೆ. ಮೊದಲ ದೂರದ ಸವಾರಿಯ ಸಂಜೆ ಹೆಡ್‌ಲೈಟ್ ಮಂಕಾಯಿತು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಹೊತ್ತಿತು, ಸ್ವಲ್ಪ ಹೊತ್ತಿಗೆ ಬೈಕ್ ನಿಂತಿತು. ಹೊಸ ಬ್ಯಾಟರಿ ಹಾಕಿದೆ. ಅದೂ ನೂರು ಕಿಲೋಮೀಟರಿನಲ್ಲಿ ಬರಿದಾಯಿತು. ಕೊನೆಗೆ ಸೀಟಿನ ಕೆಳಗೆ ಸಿಕ್ಕಿದ್ದು ವಿದ್ಯುತ್ ಉತ್ಪಾದಿಸುವ ಸ್ಟೇಟರ್ ಮತ್ತು ಅದನ್ನು ಹದ್ದಿನಲ್ಲಿಟ್ಟು ಬ್ಯಾಟರಿಗೆ ಕಳಿಸುವ ರೆಗ್ಯುಲೇಟರ್ ನಡುವೆ ಸುಟ್ಟು ಕಂದುಗಟ್ಟಿದ್ದ ಒಂದು ಪ್ಲಾಸ್ಟಿಕ್ ಕನೆಕ್ಟರ್.

ಅದನ್ನು ಮೊದಲೇ ಹಿಡಿಯಲು ವೋಲ್ಟೇಜ್ ಅಳೆಯುವ ಚಿಕ್ಕ ಮಲ್ಟಿಮೀಟರ್ ಸಾಕಿತ್ತು. ಎಂಜಿನ್ ನಿಂತಿರುವಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟಾಗ ಅದು 13.5ರಿಂದ 14.5ರ ನಡುವೆ ನಿಲ್ಲಬೇಕು. 13 ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ಬ್ಯಾಟರಿ ಬೇಯುತ್ತದೆ. ಸೀಟನ್ನೂ ಎತ್ತಿಸಿ ನೋಡಿ. ಹಿಂದಿನ ಒಡೆಯ ತಾನೇ ಹಾಕಿಕೊಂಡ ದೀಪ, ಹಾರ್ನ್, ಮೊಬೈಲ್ ಚಾರ್ಜರ್‌ಗಳ ವೈರುಗಳನ್ನು ಫ್ಯೂಸ್ ಇಲ್ಲದೆ ತಿರುಚಿ ಟೇಪು ಸುತ್ತಿದ್ದರೆ, ಉಳಿದ ಕೆಲಸಗಳನ್ನೂ ಆತ ಹಾಗೆಯೇ ಮಾಡಿರುತ್ತಾನೆ.

ಓಡಿಸಿ ನೋಡುವುದು

ಓಡಿಸುವ ಮುನ್ನ ಫ್ರೇಮ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ನೋಂದಣಿ ಪತ್ರದೊಂದಿಗೆ ಹೊಂದುತ್ತವೆಯೇ, ಸಾಲ ಬಾಕಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಂಪನಿ ಆ ಮಾದರಿಯನ್ನು ದೋಷ ತಿದ್ದಲು ವಾಪಸ್ ಕರೆದಿದ್ದರೆ, ಆ ಕೆಲಸ ಮುಗಿದಿದೆಯೇ ಎಂದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಫ್ರೇಮ್ ಸಂಖ್ಯೆ ಕೊಟ್ಟು ಕೇಳಬಹುದು.

ಐದು ನಿಮಿಷದ ಸುತ್ತು ಸಾಲದು, ಕನಿಷ್ಠ ಅರ್ಧ ಗಂಟೆ ಬೇಕು. ಮೇಲಿನ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಬಿಎಸ್ ದೀಪ ಕೀಲಿ ತಿರುಗಿಸಿದಾಗ ಹೊತ್ತಿ, ಬೈಕ್ ಚಲಿಸಿದ ಸ್ವಲ್ಪ ಹೊತ್ತಿಗೆ ಆರಬೇಕು. ಹೊತ್ತದೇ ಇದ್ದರೂ ಅನುಮಾನಿಸಿ, ಬಲ್ಬನ್ನೇ ಕಿತ್ತಿರಬಹುದು. ನಿಮ್ಮ ಮೈಯ ಮಾತನ್ನೂ ಕೇಳಿ. ಇಪ್ಪತ್ತನೆಯ ನಿಮಿಷಕ್ಕೇ ಮಣಿಕಟ್ಟು ನೊಂದರೆ, ವಿಂಡ್‌ಶೀಲ್ಡ್ ದಾಟಿ ಬಂದ ಗಾಳಿ ಹೆಲ್ಮೆಟ್ಟನ್ನು ಕುಲುಕುತ್ತಿದ್ದರೆ, ಆರನೆಯ ಗಂಟೆಗೆ ಅದು ಎಷ್ಟಾಗುತ್ತದೆಂದು ಊಹಿಸಿಕೊಳ್ಳಿ. ಜೊತೆಗೆ ಬರುವವರು ಇದ್ದರೆ ಅವರನ್ನೂ ಕೂರಿಸಿ ಓಡಿಸಿ. ಹಿಂಬದಿ ಸೀಟಿನ ತೀರ್ಪು ಅವರದೇ.

ಕೊಂಡ ಮೇಲೆ ತಕ್ಷಣ ಪ್ರವಾಸ ಹೊರಡಬೇಡಿ. ದಾಖಲೆ ಏನೇ ಹೇಳಲಿ, ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಅವಧಿ ಮೀರಿದೆ. ನಂತರ ಸಾಮಾನೆಲ್ಲ ಹೇರಿಕೊಂಡು 200–300 ಕಿಲೋಮೀಟರಿನ ಒಂದು ದಿನದ ಸವಾರಿ ಮಾಡಿ ಬಂದು, ರಾತ್ರಿ ಎಂಜಿನ್ ಕೆಳಗೆ ಒಂದು ಬಿಳಿ ರಟ್ಟು ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಯಾವ ಬಣ್ಣದ ಹನಿ, ಎಷ್ಟು ಬಿದ್ದಿದೆ ಎಂಬುದನ್ನು ನೋಡಿಕೊಂಡು ಪ್ರವಾಸದ ದಿನಾಂಕ ಗೊತ್ತುಮಾಡಿ.